ಮೇಸ್ತ್ರಿಯ ಬಿಳಿ

ಮಗಳು ಕಳಿಸಿಕೊಟ್ಟ ಪ್ರಿಂಟರ್ ಮನೆಗೆ ಬಂದ ದಿನ ಮೇಸ್ತ್ರಿ ಪೆಟ್ಟಿಗೆ ಬಿಚ್ಚಿ, ಒಳಗಿದ್ದ ಪುಸ್ತಿಕೆಯನ್ನು ಬಿಡಿಸಿಯೂ ನೋಡದೆ ಕಪಾಟಿನ ಮೇಲಕ್ಕೆ ಎಸೆದ. ಮೂವತ್ತೆರಡು ವರ್ಷ ಬಣ್ಣ ಕಲೆಸಿದವನಿಗೆ ಬಣ್ಣದ ವಿಷಯವನ್ನು ಅಂಗೈಯಗಲದ ಪುಸ್ತಿಕೆ ಹೇಳಿಕೊಡಬೇಕೆ ಎಂಬುದು ಅವನ ವಾದ. ಅವನು ಸ್ನಾನಕ್ಕೆ ಹೋದ ಮೇಲೆ ಅವನ ಹೆಂಡತಿ ಅದನ್ನು ಸದ್ದಿಲ್ಲದೆ ಕೆಳಗಿಳಿಸಿ, ಕನ್ನಡಕ ಏರಿಸಿಕೊಂಡು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದಳು. ಆ ಮನೆಯಲ್ಲಿ ಸಂಸಾರ ಸಾಗುತ್ತಿದ್ದುದೇ ಹೀಗೆ. ಅವನು ಘೋಷಣೆ ಮಾಡುವುದು, ಅವಳು ಓದಿ ನೋಡುವುದು.

ಮೇಸ್ತ್ರಿ ಎಂದರೆ ಮನೆ ಕಟ್ಟುವ ಮೇಸ್ತ್ರಿಯಲ್ಲ. ಗುದ್ದಿಸಿಕೊಂಡ, ಗೀಚಿಸಿಕೊಂಡ ಕಾರುಗಳನ್ನು ರಿಪೇರಿ ಮಾಡುವ ದೊಡ್ಡ ಗ್ಯಾರೇಜಿನಲ್ಲಿ ಬಣ್ಣ ಕಲೆಸುವವನು. ಹಳೆಯ ಕಾರಿಗೆ ಹೊಸ ಬಾಗಿಲು ಕೂರಿಸಿದರೆ ಅದು ಹೊಸಬನ ಹಾಗೆ ಎದ್ದು ಕಾಣಬಾರದು, ಮೊದಲಿನಿಂದ ಅಲ್ಲೇ ಇದ್ದ ಹಾಗಿರಬೇಕು. ಯಾವ ಕಾರಿಗೆ ಯಾವ ಬಣ್ಣ ಎಷ್ಟೆಷ್ಟು ಗ್ರಾಂ ಎಂದು ಬಣ್ಣದ ಕಂಪನಿಯೇ ಪಟ್ಟಿ ಕೊಟ್ಟಿರುತ್ತದೆ, ನಿಜ. ಆದರೆ ಆರು ವರ್ಷ ಬಿಸಿಲು ತಿಂದ ಕಾರು ಕಂಪನಿಯ ಪಟ್ಟಿಯ ಮಾತು ಕೇಳುವುದಿಲ್ಲ. ತಕ್ಕಡಿಯ ಕೆಲಸ ಮುಗಿದ ಮೇಲೆ ಡಬ್ಬಿಗೆ ಇನ್ನೆರಡು ಹನಿ ನೀಲಿಯೋ ಅರ್ಧ ಹನಿ ಕಪ್ಪೋ ಬೀಳಬೇಕು. ಎಷ್ಟು ಎಂದು ಹೇಳುವುದು ಮೇಸ್ತ್ರಿಯ ಕಣ್ಣು. ಮೇಸ್ತ್ರಿ ಒಮ್ಮೆ ಡಬ್ಬಿಯ ಮುಚ್ಚಳ ಹಾಕಿದನೆಂದರೆ ಅದನ್ನು ಪ್ರಶ್ನಿಸುವಂತಿಲ್ಲ ಎಂಬುದು ಆ ಗ್ಯಾರೇಜಿನ ಕಟ್ಟಳೆ. ಡಬ್ಬಿ ನೇರವಾಗಿ ಬಣ್ಣ ಚಿಮ್ಮಿಸುವ ಗನ್ ಹಿಡಿದವನ ಕೈಗೆ ಹೋಗುತ್ತದೆ. ಆ ಗನ್ ಹಿಡಿದವನು ಮೇಸ್ತ್ರಿಯ ಹೆಂಡತಿಯ ಸ್ವಂತ ತಮ್ಮ. ಗನ್ನಿನ ಸದ್ದಿನಿಂದಾಗಿ ಗ್ಯಾರೇಜಿನವರೆಲ್ಲ ಅವನನ್ನು ಬುಸ್ಸಣ್ಣ ಎಂದೇ ಕರೆಯುತ್ತಿದ್ದರು. ಭಾವ ಕಲೆಸುವುದು, ಭಾವಮೈದುನ ಹೊಡೆಯುವುದು, ಹದಿನಾಲ್ಕು ವರ್ಷಗಳಿಂದ ಅದೇ ಜೋಡಿ.

ಹೆಂಡತಿ ಮನೆಯಲ್ಲೇ ರಫೂ ಮಾಡುತ್ತಿದ್ದಳು. ಇಸ್ತ್ರಿ ತಾಗಿ ಸುಟ್ಟ ಪ್ಯಾಂಟು, ಮೊಳೆಗೆ ಸಿಕ್ಕಿ ಹರಿದ ಕೋಟು, ಹುಳು ತಿಂದ ಶಾಲು, ಏನೇ ತಂದುಕೊಟ್ಟರೂ ಅದೇ ಬಣ್ಣದ ಎಳೆ ಹುಡುಕಿ ಹೆಣೆದು, ತೂತು ಎಲ್ಲಿತ್ತೆಂದು ಕೊಟ್ಟವರೇ ತಡಕಾಡುವ ಹಾಗೆ ಮಾಡುತ್ತಿದ್ದಳು. ಬೀದಿಯವರಿಗೆಲ್ಲ ಅವಳು ರಫೂ ಅಕ್ಕ. ಬಣ್ಣ ಹಿಡಿಯುವ ಕಣ್ಣು ಅವಳಿಗೂ ಇತ್ತು, ಗಂಡನಿಗಿಂತ ಒಂದು ಗುಲಗಂಜಿ ಹೆಚ್ಚೇ ಇತ್ತೇನೋ. ಒಂದೇ ಮನೆಯಲ್ಲಿ ಇಬ್ಬರು ಮೇಸ್ತ್ರಿಗಳು ಯಾಕೆ ಎಂದು ಅವಳು ಆ ಮಾತನ್ನು ಎಂದೂ ಎತ್ತಿರಲಿಲ್ಲ.

ಮುದ್ರಿಸಬೇಕಾಗಿದ್ದದ್ದು ಮೊಮ್ಮಗಳ ಫೋಟೋ. ಹುಟ್ಟಿ ಒಂಬತ್ತು ದಿನದ ಕೂಸು, ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು, ಮುಷ್ಟಿ ಬಿಗಿದು, ಯಾರ ಮೇಲೋ ಕೋಪ ಮಾಡಿಕೊಂಡವಳ ಹಾಗೆ ಮಲಗಿತ್ತು. ಮಗಳು ಇರುವುದು ದೂರದ ಊರಿನಲ್ಲಿ. ಮುಂದಿನ ತಿಂಗಳು ಕೂಸನ್ನು ಎತ್ತಿಕೊಂಡು ಬರುತ್ತಾಳೆ. ಅಷ್ಟರೊಳಗೆ ನಡುಮನೆಯ ಗೋಡೆಯ ಮೇಲೆ ದೊಡ್ಡದಾಗಿ ಫೋಟೋ ಹಾಕಿರಬೇಕು, ಅವಳು ಬಾಗಿಲು ತೆಗೆಯುತ್ತಿದ್ದ ಹಾಗೇ ನೋಡಬೇಕು ಎಂದು ಮೇಸ್ತ್ರಿಯ ಹಠ.

ಮೊದಲ ಪ್ರತಿ ತೆಗೆದಾಗ ಇಂಕು ಒಣಗಲೇ ಇಲ್ಲ. ಮುಟ್ಟಿದ ಕೂಡಲೇ ಕೂಸಿನ ಕೆನ್ನೆ ಮೇಸ್ತ್ರಿಯ ಬೆರಳಿಗೆ ಬಂತು. ಕಾಗದ ತಿರುವುಮುರುವಾಗಿದೆ ಎಂದು ಹೆಂಡತಿ ಹೇಳಿದಳು. ಒದ್ದೆ ಬೆರಳು ಇಟ್ಟರೆ ಯಾವ ಮಗ್ಗುಲು ಅಂಟುತ್ತದೋ ಅದೇ ಇಂಕು ಹೀರುವ ಮಗ್ಗುಲು ಎಂದು ಪುಸ್ತಿಕೆಯಲ್ಲಿತ್ತು. ಎರಡನೆಯ ಪ್ರತಿಯಲ್ಲಿ ಬಾಚಣಿಗೆ ಎಳೆದ ಹಾಗೆ ಗೆರೆಗಳು. ಪರೀಕ್ಷೆಯ ಪುಟ ತೆಗೆದು ನೋಡಿದರೆ ಕೆಂಪು ಇಂಕಿನ ಸಾಲು ಅಲ್ಲಲ್ಲಿ ತುಂಡಾಗಿತ್ತು. ಎರಡು ಸಲ ಸ್ವಚ್ಛ ಮಾಡಿಸಿದ ಮೇಲೆ ಸಾಲು ಕೂಡಿಕೊಂಡಿತು. ಮೂರನೆಯದು ಮಂಕು. ಹೊಳಪಿನ ಕಾಗದ ಹಾಕಿ, ಯಂತ್ರಕ್ಕೆ ಮಾತ್ರ ಸಾದಾ ಕಾಗದ ಎಂದು ಹೇಳಿಟ್ಟರೆ ಅದು ತಾನೇ ಏನು ಮಾಡೀತು? ಅದನ್ನೂ ಸರಿಪಡಿಸಿದರು. ನಾಲ್ಕನೆಯದು ಕತ್ತಲೆ ಕತ್ತಲೆ. ಲ್ಯಾಪ್‌ಟಾಪಿನ ಪರದೆ ಬೆಳಕು ಬೀರುತ್ತದೆ, ಕಾಗದ ಬೀರುವುದಿಲ್ಲ. ಪರದೆಯ ಬೆಳಕನ್ನು ಅರ್ಧಕ್ಕಿಳಿಸಿ ಆಮೇಲೆ ಫೋಟೋ ನೋಡಿ, ಎಷ್ಟು ಬೇಕೋ ಅಷ್ಟು ತಿಳಿಯಾಗಿಸಿ ಎಂದು ಮಗಳು ಫೋನಿನಲ್ಲಿ ಹೇಳಿದಳು. ಹಾಗೇ ಮಾಡಿದರು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಇಲ್ಲದಿದ್ದರೆ ತಪ್ಪು ಯಾವುದರದ್ದೆಂದು ಗೊತ್ತಾಗುವುದಿಲ್ಲ ಎಂದು ಪುಸ್ತಿಕೆಯ ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು.

ಐದನೆಯ ಪ್ರತಿ ಯಂತ್ರದಿಂದ ಇಂಚಿಂಚೇ ಹೊರಗೆ ಬಂದಾಗ ಅವಳ ಕಣ್ಣು ತುಂಬಿತು. ಕೂಸಿನ ಕಿವಿಯ ಅಂಚಿನ ತಿಳಿಗೆಂಪು, ಉಗುರಿನ ಹೊಳಪು, ಬಟ್ಟೆಯ ಅಚ್ಚ ಬಿಳಿ, ಎಲ್ಲ ಎಲ್ಲಿರಬೇಕೋ ಅಲ್ಲಿತ್ತು. ಎತ್ತಿಕೊಳ್ಳೋಣ ಎನ್ನಿಸಿತು.

ಮೇಸ್ತ್ರಿ ಅದನ್ನು ಹಿಡಿದು, ಹಿಂದೆ ಸರಿಸಿ, ಮುಂದೆ ತಂದು, ಮುಖ ಗಂಟಿಕ್ಕಿದ.

“ಹಳದಿ ಹೊಡೀತಾ ಇದೆ,” ಎಂದ. “ಬಟ್ಟೆ ನೋಡೇ, ಬಿಳಿನಾ ಇದು? ಹಳೇ ಹಲ್ಲಿನ ಥರ ಇದೆ.”

ಅವಳು ಅದನ್ನು ದೀಪದ ಕೆಳಗೆ ಹಿಡಿದು ನೋಡಿದಳು. ದೀಪದ ಬೆಳಕಿಗೆ ಹಾಗೆ ಕಾಣುತ್ತಿರಬಹುದು, ಹಗಲಲ್ಲಿ ಕಿಟಕಿಯ ಹತ್ತಿರ ನೋಡೋಣ ಎಂದಳು. ಮರುದಿನ ಮಧ್ಯಾಹ್ನ ಊಟಕ್ಕೆ ಬಂದಾಗ ಅವನು ಕಿಟಕಿಯ ಹತ್ತಿರವೂ ನೋಡಿದ. ಹಳದಿಯೇ ಎಂದ. ಲ್ಯಾಪ್‌ಟಾಪಿನ ಮುಂದೆ ಕೂತು, ಬಣ್ಣ ಹೆಚ್ಚುಕಡಿಮೆ ಮಾಡುವ ಪಟ್ಟಿಯಲ್ಲಿ ನೀಲಿಯನ್ನು ಏರಿಸಿದ. ಸಾಲದು ಎಂದು ಇನ್ನಷ್ಟು ಏರಿಸಿದ. ಗ್ಯಾರೇಜಿನಲ್ಲಿ ಹನಿ ಬಿಡುವಾಗ ಮಾಡುವ ಹಾಗೆಯೇ ಉಸಿರು ಹಿಡಿದು, ತುಟಿ ಮುಂದೆ ಮಾಡಿ, ಇನ್ನೊಂದು ಚೂರು ಏರಿಸಿದ. ಆರನೆಯ ಪ್ರತಿ ಹೊರಗೆ ಬಂತು. ಈಗ ಸರಿಹೋಯಿತು ಎಂದು ತೊಡೆ ತಟ್ಟಿಕೊಂಡ.

ಅವಳು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಬಟ್ಟೆ ನೀಲಿ ಹಾಕಿ ಒಗೆದದ್ದರ ಹಾಗಿತ್ತು, ಅದು ಹೋಗಲಿ. ಕೂಸಿನ ತುಟಿ ನೀಲಿ, ಕಣ್ಣ ಸುತ್ತ ನೀಲಿ, ಬಿಗಿದ ಮುಷ್ಟಿಯೂ ನೀಲಿ. ಉಸಿರು ನಿಂತ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಹಾಗಿತ್ತು. ಅವಳ ಗಂಡ ಅದನ್ನು ಮುದ್ದಿನಿಂದ ನೋಡುತ್ತಿದ್ದ.

“ಹೇಗಿದೆ?” ಎಂದು ಕೇಳಿದ.

“ಚೆನ್ನಾಗಿದೆ,” ಎಂದಳು.

ಈ ‘ಚೆನ್ನಾಗಿದೆ’ ಅವಳ ಬಾಯಿಗೆ ಹೊಸದಲ್ಲ. ಒಂದು ವರ್ಷದಿಂದ ರೂಢಿಯಾಗಿತ್ತು. ಮೊದಲೆಲ್ಲ ಸಂಜೆ ಅವಳು ಕೆಲಸಕ್ಕೆ ಕೂತಾಗ ಅವನೇ ದಾರದ ಡಬ್ಬಿಯಿಂದ ಎಳೆ ಆರಿಸಿ ಕೊಡುತ್ತಿದ್ದ, ಅದು ಅವರಿಬ್ಬರ ಹರಟೆಯ ಹೊತ್ತು. ಹೋದ ವರ್ಷ ಒಂದು ಸಂಜೆ ಕಪ್ಪು ಕೋಟಿಗೆ ಕಡುನೀಲಿ ದಾರ ಕೊಟ್ಟ. ಇನ್ನೊಂದು ಸಂಜೆ ಕೆನೆ ಬಣ್ಣದ ಅಂಗಿಗೆ ಬಿಳಿ ದಾರ ಕೊಟ್ಟ. ಅವಳು ಏನೂ ಹೇಳದೆ ತೆಗೆದುಕೊಂಡು, ಅವನು ಎದ್ದು ಹೋದ ಮೇಲೆ ಬದಲಾಯಿಸಿಕೊಂಡಳು. ಕಣ್ಣಿನ ಡಾಕ್ಟರಿಗೆ ತೋರಿಸೋಣವೇ ಎಂದು ಒಮ್ಮೆ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ. ಅವನ ಅಪ್ಪ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೋಗಿ ಇದ್ದ ಕಣ್ಣನ್ನೂ ಕಳೆದುಕೊಂಡವನು. ಅದು ಆ ಕಾಲದ ಮಾತು, ಈಗ ಅರ್ಧ ದಿನದ ಕೆಲಸ ಎಂದು ಯಾರು ಹೇಳಿದರೂ ಅವನ ಕಿವಿಗೆ ಹೋಗದು. ಮೇಲಾಗಿ ಬಣ್ಣದ ಮೇಸ್ತ್ರಿ ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತದ್ದನ್ನು ಒಬ್ಬ ನೋಡಿದರೆ ಸಾಕು, ನಾಳೆ ಊರಿಗೆಲ್ಲ ಗೊತ್ತು. ಅದಕ್ಕೇ ಅವಳು ತೂತು ಕಾಣದ ಹಾಗೆ ಹೆಣೆಯುತ್ತಾ ಬಂದಳು. ಕಸುಬೇ ಅದಲ್ಲವೇ. ಮನೆಯೊಳಗಿನ ತೂತು ಮನೆಯೊಳಗೇ ಮುಚ್ಚಿಹೋಗುತ್ತದೆ ಎಂದುಕೊಂಡಿದ್ದಳು.

ಈಗ ಕಾಗದ ಸರಿಯಾಗಿತ್ತು, ಇಂಕು ಸರಿಯಾಗಿತ್ತು, ಪರದೆ ಸರಿಯಾಗಿತ್ತು, ಬೆಳಕೂ ಸರಿಯಾಗಿತ್ತು. ಒಂದೊಂದಾಗಿ ತೆಗೆದುಹಾಕಿದ ಮೇಲೆ ಉಳಿದದ್ದು ಅವನ ಕಣ್ಣು ಒಂದೇ.

ಅದೇ ವಾರ ಗ್ಯಾರೇಜಿನಲ್ಲಿ ಗಲಾಟೆ ಎದ್ದಿತು. ಒಬ್ಬ ಹಲ್ಲಿನ ಡಾಕ್ಟರಮ್ಮನ ಬಿಳಿ ಕಾರಿನ ಹಿಂದಿನ ಬಾಗಿಲಿಗೆ ಬಣ್ಣ ಹೊಡೆದು ಕೊಟ್ಟಿದ್ದರು. ಬಿಳಿಯಲ್ಲೇ ಹದಿನಾರು ಬಗೆ ನೋಡಿ ಹಲ್ಲು ಕೂರಿಸುವ ಹೆಂಗಸು ಅವಳು. ಎರಡನೆಯ ದಿನವೇ ಕಾರು ವಾಪಸು ತಂದು, ಬಾಗಿಲು ನೀಲಿಯಾಗಿದೆ ಎಂದು ನಿಂತುಬಿಟ್ಟಳು. ಕಳೆದ ಆರು ತಿಂಗಳಲ್ಲಿ ಬಿಳಿ ಕಾರಿನ ದೂರು ಇದು ಮೂರನೆಯದು. ಯಜಮಾನ ಇಬ್ಬರನ್ನೂ ಕರೆದು ಕೇಳಿದ. ಮೇಸ್ತ್ರಿ ಒಂದು ಕ್ಷಣವೂ ತಡವರಿಸದೆ, ಹಿಂದಿನ ದಿನ ನೀಲಿ ಕಾರಿಗೆ ಹೊಡೆದ ಗನ್ನನ್ನು ಸರಿಯಾಗಿ ತೊಳೆಯದೆ ಬಿಳಿ ಹಾಕಿದ್ದಾನೆ, ಉಳಿದ ನೀಲಿ ಬೆರೆತಿದೆ ಎಂದ. ಬುಸ್ಸಣ್ಣ ಮೂರು ಸಲ ತೊಳೆದಿದ್ದೇನೆ ಎಂದ. ಗೊತ್ತಿದ್ದೂ ಗೂಬೆ ಕೂರಿಸುವ ಮನುಷ್ಯನಲ್ಲ ಮೇಸ್ತ್ರಿ. ತನ್ನ ಡಬ್ಬಿಯಲ್ಲಿ ನೀಲಿ ಇರಲಿಲ್ಲ ಎಂದು ಅವನು ಮನಸಾರೆ ನಂಬಿದ್ದ. ತೊಂದರೆ ಇದ್ದದ್ದೇ ಅಲ್ಲಿ. ಯಜಮಾನ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ನೋಡೋಣ, ಎರಡು ದಿನ ಬಿಟ್ಟು ತೀರ್ಮಾನ ಮಾಡುತ್ತೇನೆ ಎಂದನಂತೆ. ಹೊರಡುವಾಗ ನಗುನಗುತ್ತಲೇ, ಮೇಸ್ತ್ರೀ, ನಿಮ್ಮ ಕಣ್ಣು ಸರಿಯಾಗಿದೆ ತಾನೆ ಎಂದೂ ಕೇಳಿದನಂತೆ.

ಆ ಒಂದು ಮಾತು ಮೇಸ್ತ್ರಿಗೆ ಮೈಯೆಲ್ಲ ಉರಿ ಹತ್ತಿಸಿತು. ಮನೆಗೆ ಬಂದು ಚಹಾ ಕುಡಿಯಲಿಲ್ಲ. ತನ್ನ ಕಣ್ಣನ್ನು ಕೇಳುವಷ್ಟು ದೊಡ್ಡವನಾದನೇ ಅವನು, ಅವನಪ್ಪ ತನ್ನನ್ನು ಮನೆಗೆ ಬಂದು ಕರೆದುಕೊಂಡು ಹೋಗಿದ್ದ ಎಂದು ಗೊಣಗಿದ. ಹೆಂಡತಿ ತಮ್ಮನ ಬಗ್ಗೆ ಕೇಳಿದಳು. ಅವನಿಗೂ ಒಂದು ಪಾಠವಾಗಲಿ ಎಂದ.

ಅವಳು ಆ ರಾತ್ರಿ ಹೇಳಬಹುದಿತ್ತು. ಹೇಳಲಿಲ್ಲ. ಹೇಳದೆ ಮಾಡಿದ ಕೆಲಸ ಇನ್ನೂ ಕೆಟ್ಟದ್ದು. ಆ ನೀಲಿ ಕೂಸಿನ ಫೋಟೋವನ್ನು ಅವನು ಇಂಕು ಒಣಗಲೆಂದು ಒಂದು ಹಗಲು ಹರವಿಟ್ಟು, ಅಂದು ಬೆಳಗ್ಗೆ ತಾನೇ ಫ್ರೇಮಿಗೆ ಹಾಕಿ ಗೋಡೆಗೆ ಏರಿಸಿದ್ದ. ಬೆಳಗ್ಗೆಯಿಂದ ಅಡುಗೆಮನೆಗೂ ನಡುಮನೆಗೂ ಓಡಾಡುವಾಗಲೆಲ್ಲ ಅವಳು ಆ ಗೋಡೆಯ ಕಡೆ ಕಣ್ಣು ಹೋಗದ ಹಾಗೆ ತಲೆ ತಗ್ಗಿಸಿ ನಡೆಯುತ್ತಿದ್ದಳು. ಮಗಳು ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತು ಇದನ್ನು ನೋಡಿದರೆ ಏನು ಗತಿ? ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ, ಅವನು ಏರಿಸಿದ ಪಟ್ಟಿಯನ್ನೆಲ್ಲ ಸೊನ್ನೆಗೆ ತಂದು, ಯಂತ್ರ ತಾನಾಗಿ ಕೊಡುವ ಬಣ್ಣಕ್ಕೇ ಬಿಟ್ಟು ಹೊಸ ಪ್ರತಿ ತೆಗೆದಳು. ಐದನೆಯದನ್ನು ಅವನು ಹಳದಿ ಎಂದು ಅಂದೇ ಕಸದ ಬುಟ್ಟಿಗೆ ಹಾಕಿದ್ದ. ಫ್ರೇಮಿನ ಹಿಂದಿನ ಮೊಳೆ ಬಿಚ್ಚಿ ಅದನ್ನು ಒಳಗೆ ಹಾಕಿದಳು. ನೀಲಿಯದ್ದನ್ನು ಹರಿಯಲು ಕೈ ಬರಲಿಲ್ಲ, ಎಷ್ಟಾದರೂ ಮೊಮ್ಮಗಳ ಮುಖ. ಬಟ್ಟೆಗಳ ಕೆಳಗೆ ಇಟ್ಟಳು.

ಸಂಜೆ ಅವನು ಬಂದು, ಶರ್ಟಿನ ಗುಂಡಿ ಬಿಚ್ಚುತ್ತಾ ಫೋಟೋದ ಮುಂದೆ ನಿಂತ. ಅವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಏನೋ ಬದಲಾಗಿದೆಯಲ್ಲ ಎಂದು ಅವನು ಅಂದುಬಿಡಲಿ ಎಂದು ಅವಳ ಅರ್ಧ ಮನಸ್ಸು ಬೇಡಿಕೊಳ್ಳುತ್ತಿತ್ತು.

“ನೋಡೇ,” ಎಂದ ಅವನು. “ಯಂತ್ರ ಹಳದಿ ಕೊಟ್ಟಿತ್ತು. ನನ್ನ ಕೈ ಬಿದ್ದ ಮೇಲೆ ಹೇಗೆ ಎದ್ದು ಬಂದಿದೆ. ಆ ಯಜಮಾನ ನನ್ನ ಕಣ್ಣು ಕೇಳ್ತಾನೆ.” ತನ್ನದೇ ಎಂದು ನಂಬಿ ನೋಡಿದ ಕಣ್ಣಿಗೆ ಅದೇ ಹಳದಿ ಈಗ ಬಿಳಿಯಾಗಿತ್ತು.

ಮರುದಿನ ಬೆಳಗ್ಗೆ ಅವನು ಫ್ರೇಮನ್ನು ಗೋಡೆಯಿಂದ ಇಳಿಸಿ, ಹಳೆಯ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಎಲ್ಲಿಗೆ ಎಂದು ಕೇಳಿದ್ದಕ್ಕೆ, ಯಜಮಾನನಿಗೆ ಉತ್ತರ ಕೊಡುವುದಿದೆ ಎಂದ. ಅವಳು ಬಾಗಿಲಿಗೆ ಅಡ್ಡ ನಿಂತಳು. ಬೇಡ ಎಂದಳು, ಕೂಸಿನ ಫೋಟೋ ಊರೆಲ್ಲ ತಿರುಗಿಸಬಾರದು ಎಂದಳು, ಗಾಜು ಒಡೆದೀತು ಎಂದಳು. ಹೇಳಬೇಕಾದ ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದಳು. ಅವನು ನಗುತ್ತಾ ಹೋದ.

ಆ ದಿನ ಅವಳ ಕೈಯಲ್ಲಿ ಒಂದು ಎಳೆಯೂ ನೆಟ್ಟಗೆ ಕೂರಲಿಲ್ಲ.

ಗ್ಯಾರೇಜಿನಲ್ಲಿ ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತು ಫೋಟೋ ನೋಡಿದರಂತೆ. ಯಂತ್ರ ಕೆಡಿಸಿದ್ದನ್ನು ಬರೀ ಕಣ್ಣಳತೆಯಲ್ಲಿ ಹೀಗೆ ತಿದ್ದಿದಿರಾ ಎಂದು ಬೆರಗಾದರಂತೆ. ಯಜಮಾನ ಕೂಸಿನ ಮುಖವನ್ನೂ ಬಟ್ಟೆಯ ಬಿಳಿಯನ್ನೂ ಹತ್ತಿರದಿಂದ ನೋಡಿ, ಎದ್ದು ಬಂದು ಮೇಸ್ತ್ರಿಯ ಕೈ ಹಿಡಿದುಕೊಂಡು ತಪ್ಪಾಯಿತು ಎಂದನಂತೆ. ಮಧ್ಯಾಹ್ನದೊಳಗೆ ಬುಸ್ಸಣ್ಣನಿಗೆ ನಾಳೆಯಿಂದ ಬರಬೇಡ ಎಂದಾಯಿತು. ಮೇಸ್ತ್ರಿ ಇದನ್ನೆಲ್ಲ ಹೇಳುವಾಗ ಮೊದಲ ಅರ್ಧಕ್ಕೆ ಮೀಸೆ ತಿರುವಿದ. ಕೊನೆಯ ಅರ್ಧಕ್ಕೆ ಬಂದಾಗ ದನಿ ತಗ್ಗಿಸಿ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿರಲಿಲ್ಲ, ಬೈದು ಬಿಡುತ್ತಾರೆ ಎಂದುಕೊಂಡಿದ್ದೆ ಎಂದ. ಫ್ರೇಮನ್ನು ಮತ್ತೆ ಮೊಳೆಗೆ ತಗುಲಿಸಿದ. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಶನಿವಾರ ಮಧ್ಯಾಹ್ನ ಭಾವ ಇಲ್ಲದ ಹೊತ್ತು ನೋಡಿಕೊಂಡು ಬುಸ್ಸಣ್ಣ ಬಂದ. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತಿದ್ದವನನ್ನು ಅವಳೇ ಕೈಹಿಡಿದು ಒಳಗೆ ಕರೆದಳು. ನಲವತ್ತು ದಾಟಿದ ಗಂಡಸು, ಯಾವಾಗಲೂ ಏನಾದರೊಂದು ತಮಾಷೆ ಮಾಡಿಯೇ ಕೂರುವವನು, ಅಂದು ಸುಮ್ಮನೆ ಕುರ್ಚಿಯ ತುದಿಯಲ್ಲಿ ಕೂತ. ಇನ್ನೆರಡು ಗ್ಯಾರೇಜುಗಳಿಗೆ ಹೋಗಿ ಬಂದೆ ಎಂದ. ಗನ್ ತೊಳೆಯದವನು ಎಂಬ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಬಣ್ಣ ಹೊಡೆಯುವವನಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ, ಕೈ ತೊಳೆಯದೆ ಹೊಟ್ಟೆ ಕೊಯ್ಯುವ ಡಾಕ್ಟರು ಎಂದ ಹಾಗೆ. ಅವಳು ಚಹಾ ಕೊಟ್ಟಳು. ಅವನು ಕುಡಿಯದೆ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದ.

“ಅಕ್ಕ, ನಾನು ಗನ್ ತೊಳೆದಿದ್ದೆ,” ಎಂದ. “ಬೇರೆ ಯಾರೂ ನಂಬದಿದ್ರೂ ಪರವಾಗಿಲ್ಲ. ನೀನೊಬ್ಬಳು ನಂಬು.”

“ನಂಬ್ತೀನಿ ಕಣೋ,” ಎಂದಳು.

ಅವನು ತಲೆಯಾಡಿಸಿದ. ಅಕ್ಕನಲ್ಲವೇ, ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಂಡ ಎಂಬುದು ಅವನ ಮುಖದಲ್ಲೇ ಕಂಡಿತು. ಅವನಿಗೆ ಬೇಕಾಗಿದ್ದದ್ದು ನಂಬಿಕೆ, ಅವಳ ಬಳಿ ಇದ್ದದ್ದು ಸಾಕ್ಷಿ. ಅದೂ ಬಟ್ಟೆಗಳ ಕೆಳಗೆ, ಅವನು ಕೂತಲ್ಲಿಂದ ಐದು ಹೆಜ್ಜೆ ದೂರದಲ್ಲಿ. ಹೊರಡುವಾಗ ಅವನು ಗೋಡೆಯ ಮೇಲಿನ ಕೂಸಿನ ಮುಂದೆ ನಿಂತು, ಭಾವನ ಕೈಚಳಕ ಕೈಚಳಕವೇ, ಅದನ್ನು ಒಪ್ಪಲೇಬೇಕು ಎಂದ. ವ್ಯಂಗ್ಯವಿರಲಿಲ್ಲ. ಹದಿನಾಲ್ಕು ವರ್ಷ ಆ ಕೈಯಿಂದ ಡಬ್ಬಿ ತೆಗೆದುಕೊಂಡವನ ಮನಸ್ಸಿನ ಮಾತು ಅದು. ಅವನು ಮೆಟ್ಟಿಲಿಳಿದು ಹೋದ ಮೇಲೆ ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ತನ್ನ ಮೇಲೇ ಅಷ್ಟು ಅಸಹ್ಯ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಭಾನುವಾರ. ಗ್ಯಾರೇಜಿಗೆ ರಜೆ, ಯಜಮಾನ ಮಾತ್ರ ಬೆಳಗಿನ ಹೊತ್ತು ಆಫೀಸಿನಲ್ಲಿ ಕೂರುತ್ತಾನೆ. ಮೇಸ್ತ್ರಿ ಒಳ್ಳೆಯ ಹುಮ್ಮಸ್ಸಿನಲ್ಲಿದ್ದ. ಕೂಸು ಕಣ್ಣು ಬಿಟ್ಟಿರುವ ಇನ್ನೊಂದು ಫೋಟೋ ಬಂದಿದೆ, ಅದನ್ನೂ ತೆಗೆದುಬಿಡೋಣ, ಹಳದಿ ತೆಗೆಯುವ ಅಳತೆ ಈಗ ಸಿಕ್ಕಿದೆಯಲ್ಲ ಎಂದು ಲ್ಯಾಪ್‌ಟಾಪ್ ತೆರೆದ. ಅವಳು ಒಳಗೆ ಹೋಗಿ ನೀಲಿಯ ಪ್ರತಿಯನ್ನು ತಂದಳು. ಗೋಡೆಯ ಫ್ರೇಮನ್ನು ಇಳಿಸಿ, ಅದರಲ್ಲಿದ್ದದ್ದನ್ನು ತೆಗೆದಳು. ಎರಡನ್ನೂ ಕಿಟಕಿಯ ಕಟ್ಟೆಯ ಮೇಲೆ, ಹಗಲ ಬೆಳಕಿನಲ್ಲಿ, ಪಕ್ಕಪಕ್ಕ ಇಟ್ಟಳು.

“ರೀ, ಇಲ್ಲಿ ಬನ್ನಿ,” ಎಂದಳು. “ಇದರಲ್ಲಿ ನೀವು ತಿದ್ದಿದ್ದು ಯಾವುದು ಹೇಳಿ.”

ಪರೀಕ್ಷೆಯೇ ಎಂದು ಅವನು ನಗುತ್ತಾ ಎದ್ದು ಬಂದ. ಬಗ್ಗಿ ನೋಡಿದ. ಒಂದನ್ನು ಎತ್ತಿ ಓರೆ ಮಾಡಿದ, ಇಳಿಸಿದ, ಇನ್ನೊಂದನ್ನು ಎತ್ತಿದ. ಅವನ ನಗು ಯಾವಾಗ ಹೋಯಿತೆಂದು ಅವಳಿಗೆ ತಿಳಿಯಲಿಲ್ಲ. ಒಂದು ಕಣ್ಣು ಮುಚ್ಚಿ ನೋಡಿದ, ಆಮೇಲೆ ಇನ್ನೊಂದು ಮುಚ್ಚಿ ನೋಡಿದ. ಕೊನೆಗೆ ಗೋಡೆಯಿಂದ ಇಳಿಸಿದ್ದ ಪ್ರತಿಯ ಮೇಲೆ ಬೆರಳಿಟ್ಟ.

“ಅದು ಯಂತ್ರ ತಾನಾಗೇ ಕೊಟ್ಟಿದ್ದು,” ಎಂದಳು. “ನಿಮ್ಮದು ಇದು. ಇದರಲ್ಲಿ ಮಗು ಪೂರ್ತಿ ನೀಲಿಯಾಗಿದೆ ರೀ. ಉಸಿರಿಲ್ಲದ ಹಾಗೆ ಕಾಣುತ್ತೆ. ನನ್ನ ಕೈಲಿ ನೋಡೋಕಾಗಲ್ಲ.”

ಅವನು ತಡೆದು ತಡೆದು, ಗ್ಯಾರೇಜಿಗೆ ತೆಗೆದುಕೊಂಡು ಹೋಗಿದ್ದು ಯಾವುದು ಎಂದು ಕೇಳಿದ. ತಾನು ಬದಲಾಯಿಸಿಟ್ಟಿದ್ದನ್ನು ಅವಳು ಹೇಳಿದಳು. ಅವನ ಮುಖ ಕೆಂಪಾಯಿತು. ತಮ್ಮನನ್ನು ಉಳಿಸಿಕೊಳ್ಳುವುದಕ್ಕೆ ಕಥೆ ಕಟ್ಟುತ್ತಿದ್ದೀಯ, ಗಂಡನ ಕಣ್ಣಿಗೇ ಮಣ್ಣೆರಚುತ್ತೀಯ ಎಂದು ಕೂಗಾಡಿದ. ಅವಳು ಪಕ್ಕದ ಮನೆಯ ಅಜ್ಜಿಯನ್ನು ಕರೆಯಲೇ, ಅವರನ್ನೇ ಕೇಳಿ ಎಂದಷ್ಟೇ ಹೇಳಿ ಬಾಗಿಲ ಕಡೆ ಹೊರಟಳು. ಅವನು ಅವಳ ತೋಳು ಹಿಡಿದು ನಿಲ್ಲಿಸಿದ.

“ಬೇಡ,” ಎಂದ.

ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತ. ಎಷ್ಟು ದಿನದಿಂದ ಎಂದು ಕೇಳಿದ. ಒಂದು ವರ್ಷವಾಯಿತು ಎಂದಳು. ದಾರ ಕೊಡುತ್ತಿದ್ದಾಗಲೂ ಹೀಗೇ ಆಗುತ್ತಿತ್ತೇ ಎಂದು ಕೇಳಿದ. ಹೌದು ಎಂದಳು. ನೀನು ಯಾಕೆ ಹೇಳಲಿಲ್ಲ ಎಂದು ಅವನು ಕೇಳುತ್ತಾನೆ ಎಂದು ಅವಳು ಕಾಯುತ್ತಿದ್ದಳು. ನಿಮ್ಮ ಮನಸ್ಸು ನೋಯುತ್ತದೆ ಎಂದು ಸುಮ್ಮನಿದ್ದೆ ಎನ್ನಬಹುದಿತ್ತು, ಅದು ಪೂರ್ತಿ ನಿಜವಲ್ಲ. ಅವನು ಮೇಸ್ತ್ರಿಯಾಗಿ ಉಳಿಯುವುದು ಅವಳಿಗೂ ಬೇಕಾಗಿತ್ತು. ಅವನು ಆ ಪ್ರಶ್ನೆ ಕೇಳಲಿಲ್ಲ.

“ಮೊದಲೆಲ್ಲ ಎರಡು ಹನಿಗೇ ಕಾಣ್ತಿತ್ತು,” ಎಂದ. ದನಿ ತನ್ನಷ್ಟಕ್ಕೆ ಮಾತಾಡಿಕೊಳ್ಳುವವನದು. “ಈಚೆಗೆ ಐದು ಹಾಕಿದ್ರೂ ಕಾಣ್ತಿರಲಿಲ್ಲ. ಕಂಪನಿಯವರು ನೀಲೀನ ತೆಳು ಮಾಡಿದ್ದಾರೆ, ಮೋಸ ಮಾಡ್ತಿದ್ದಾರೆ ಅಂದ್ಕೊಂಡೆ.” ಎರಡೂ ಫೋಟೋಗಳನ್ನು ಮಗುಚಿಟ್ಟು, “ಅವನು ಗನ್ ತೊಳೆದಿದ್ದ,” ಎಂದ.

ಅವನು ಅಳುವುದನ್ನು ಅವಳು ಎರಡೇ ಸಲ ನೋಡಿದ್ದಳು, ಅವನ ಅಪ್ಪ ಸತ್ತಾಗ ಮತ್ತು ಮಗಳು ಮನೆಯಿಂದ ಹೊರಟಾಗ. ಈಗ ಅಳಲಿಲ್ಲ. ಅತ್ತಿದ್ದರೆ ಅವಳಿಗೆ ಹತ್ತಿರ ಹೋಗಲು ಒಂದು ನೆಪ ಸಿಗುತ್ತಿತ್ತು. ಎದ್ದು ಒಳಗೆ ಹೋಗಿ, ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಮೊದಲು ಬುಸ್ಸಣ್ಣನ ಮನೆ, ಅವನನ್ನು ಜೊತೆಗೆ ಕರೆದುಕೊಂಡು ಆಮೇಲೆ ಯಜಮಾನನ ಹತ್ತಿರ ಎಂದ. ನಾನೂ ಬರುತ್ತೇನೆ ಎಂದಳು. ಬೇಡ ಎಂದ. ಕಣ್ಣಿಗೆ ಏನಾದರೂ ಮಾಡಿಸಬಹುದು, ಈಗ ಎಲ್ಲ ಸುಲಭವಾಗಿದೆ ಎಂದು ಅವಳು ಶುರು ಮಾಡಿದಳು. ಅದನ್ನು ಆಮೇಲೆ ನೋಡೋಣ ಎಂದು ಅವನು ಅಲ್ಲಿಗೇ ತಡೆದ. ಕಿಟಕಿಯ ಕಟ್ಟೆಯಿಂದ ಎರಡೂ ಫೋಟೋಗಳನ್ನು ತೆಗೆದು, ಒಂದರ ಮೇಲೊಂದು ಜೋಡಿಸಿ, ಕೈಚೀಲಕ್ಕೆ ಹಾಕಿಕೊಂಡ. ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿಯತೊಡಗಿದ.

ನಾಲ್ಕು ಮೆಟ್ಟಿಲು ಇಳಿದವನು ನಿಂತ. ಚೀಲದೊಳಗೆ ಕೈ ಹಾಕಿ ಎರಡನ್ನೂ ಹೊರಗೆ ತೆಗೆದು ನೋಡಿದ. ಬಿಸಿಲು ನೇರವಾಗಿ ಅವುಗಳ ಮೇಲೆ ಬೀಳುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅವಳಿಗೆ ಒಂದರಲ್ಲಿ ಕೆಂಪು ಕೆನ್ನೆಯ ಕೂಸು, ಇನ್ನೊಂದರಲ್ಲಿ ನೀಲಿ ಕೂಸು, ಅಷ್ಟು ದೂರದಿಂದಲೂ ನಿಚ್ಚಳವಾಗಿ ಕಂಡವು. ಅವನು ಎಡಗೈಯದನ್ನು ಬಲಗೈಗೆ, ಬಲಗೈಯದನ್ನು ಎಡಗೈಗೆ ಬದಲಾಯಿಸಿ ನೋಡಿದ. ಆಮೇಲೆ ವಾಪಸು ಹತ್ತಿ ಬಂದು ಎರಡನ್ನೂ ಅವಳ ಕೈಗೆ ಕೊಟ್ಟ.

“ಹಿಂದೆ ಬರೆದುಕೊಡು,” ಎಂದ. “ಯಾವುದು ನಂದು, ಯಾವುದು ಯಂತ್ರದ್ದು ಅಂತ. ಅಲ್ಲಿ ನಾನೇ ತೋರಿಸಬೇಕಲ್ಲ.”

ಅವಳು ಒಳಗಿನಿಂದ ಪೆನ್ನು ತಂದು, ನೀಲಿಯ ಪ್ರತಿಯನ್ನು ಬಾಗಿಲ ಹಲಗೆಗೆ ಒತ್ತಿ ಹಿಡಿದು, ‘ಮೇಸ್ತ್ರಿ’ ಎಂದು ಬರೆದಳು. ಅವನು ಬಗ್ಗಿ ನೋಡಿದ.

“ಇನ್ನೂ ದೊಡ್ಡದಾಗಿ ಬರಿ,” ಎಂದ.